ಬೀದಿಯಲ್ಲಿ ಬೀಳುವ ದಂಡ

2020ರ ಅಕ್ಟೋಬರ್ ಮೊದಲ ವಾರ ನಿಮಗೆಲ್ಲ ನೆನಪಿರಬೇಕು. ಮಾಸ್ಕ್ ಹಾಕದವರಿಗೆ ಇದ್ದ ದಂಡವನ್ನು ಸರ್ಕಾರ ಏಕಾಏಕಿ ಏರಿಸಿತು. ನಗರಗಳಲ್ಲಿ 1,000 ರೂಪಾಯಿ, ಉಳಿದ ಕಡೆ 500. ಬೆಂಗಳೂರಿನಲ್ಲಿ ದಂಡ ಹಾಕಲು ಪಾಲಿಕೆ ನೇಮಿಸಿದ ಮಾರ್ಷಲ್‌ಗಳು ಬೈಕುಗಳನ್ನು ತಡೆದು ನಿಲ್ಲಿಸಿದರು, ಜನ ನಡುರಸ್ತೆಯಲ್ಲೇ ಜಗಳಕ್ಕೆ ನಿಂತರು. ಒಂದು ವಾರವೂ ಹಿಡಿಯಲಿಲ್ಲ. ಮಹಾನಗರ ಪಾಲಿಕೆಗಳಲ್ಲಿ 250, ಬೇರೆಡೆ 100 ಎಂದು ಸರ್ಕಾರವೇ ಇಳಿಸಬೇಕಾಯಿತು.

ಆ ಒಂದು ವಾರದಲ್ಲಿ ಕೊರೊನಾ ಕಡಿಮೆಯಾಗಿರಲಿಲ್ಲ. ಮಾಸ್ಕ್ ಬೇಕೆನ್ನುವ ನಿಯಮವೂ ಬದಲಾಗಿರಲಿಲ್ಲ. ಬದಲಾದದ್ದು ಮೊತ್ತ ಮಾತ್ರ. ಗಾರೆ ಕೆಲಸಕ್ಕೆ ಹೋಗುವವನ ಒಂದು ದಿನದ ಕೂಲಿಯನ್ನು ಮೀರಿದ ದಂಡವನ್ನು ಯಾರೂ ದಂಡ ಎಂದು ಒಪ್ಪುವುದಿಲ್ಲ, ಕಿತ್ತುಕೊಂಡರು ಎನ್ನುತ್ತಾರೆ. ಹಾಗೆ ಅನ್ನಿಸಿದ ಕ್ಷಣದಿಂದ ತಪ್ಪು ಮಾಡಿದವನೇ ಅನ್ಯಾಯಕ್ಕೆ ಒಳಗಾದವನಾಗಿ ಕಾಣಿಸುತ್ತಾನೆ, ಸುತ್ತ ಸೇರಿದ ಜನ ಅವನ ಪರ ಮಾತಾಡುತ್ತಾರೆ. ಅಲ್ಲಿಗೆ ನಿಯಮ ಸೋತಿತು.

ಇವತ್ತು ನಾನು ಹೇಳಬೇಕೆಂದುಕೊಂಡಿರುವುದು ಇದನ್ನೇ. ಕಸ ಎಸೆಯುವುದು, ಉಗುಳುವುದು, ಫ್ಲೆಕ್ಸ್ ಕಟ್ಟುವುದು, ಫುಟ್‌ಪಾತ್ ಮೇಲೆ ಅಂಗಡಿ ಇಡುವುದು, ಇಂಥ ಸಣ್ಣ ಸಂಗತಿಗಳಲ್ಲಿ ನಮಗೂ ಆಡಳಿತಕ್ಕೂ ದಿನಬೆಳಗಾದರೆ ಮುಖಾಮುಖಿ. ವಿಧಾನಸೌಧವನ್ನು ಒಳಹೊಕ್ಕು ನೋಡದವರೂ ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರನ್ನು ನೋಡಿರುತ್ತಾರೆ. ಆ ಇನ್‌ಸ್ಪೆಕ್ಟರ್ ಬರೆಯುವ ದಂಡ ನ್ಯಾಯವಾಗಿದ್ದರೆ ಕಾನೂನಿನ ಮೇಲೆ ಜನರಿಗೆ ನಂಬಿಕೆ ಹುಟ್ಟುತ್ತದೆ. ಇಲ್ಲದಿದ್ದರೆ ಮೇಲಿನ ಯಾವ ಕೋರ್ಟೂ ಅದನ್ನು ತುಂಬಿಕೊಡಲಾರದು.

ಮೊದಲು ಅಧಿಕಾರ ಎಲ್ಲಿಂದ ಬರುತ್ತದೆ ಎಂದು ನೋಡೋಣ. ನಮ್ಮ ಪಾಲಿಕೆ, ಪುರಸಭೆ, ಪಂಚಾಯಿತಿಗಳಿಗೆ ಸ್ವಂತ ಅಧಿಕಾರ ಅಂತ ಒಂದಿಲ್ಲ. ಶಾಸನಸಭೆ ಎಷ್ಟು ಕೊಟ್ಟಿದೆಯೋ ಅಷ್ಟೇ. ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ, ಪುರಸಭೆ ನಗರಸಭೆಗಳಿಗೆ 1964ರ ಕಾಯ್ದೆ, ಗ್ರಾಮ ಪಂಚಾಯಿತಿಗೆ 1993ರ ಕಾಯ್ದೆ. ಬೆಂಗಳೂರಿಗೆ 2020ರಲ್ಲಿ ಬೇರೆ ಕಾಯ್ದೆ ಬಂತು, ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. ಈ ಕಾಯ್ದೆಗಳ ಕೆಳಗೆ ಸ್ಥಳೀಯ ಸಂಸ್ಥೆ ತನ್ನ ಊರಿಗೆ ಬೇಕಾದ ಬೈಲಾ, ಅಂದರೆ ಉಪನಿಯಮ, ಮಾಡಿಕೊಳ್ಳಬಹುದು. ಆದರೆ ಅದಕ್ಕೊಂದು ಕ್ರಮ ಇದೆ. ಕರಡು ಪ್ರಕಟಿಸಬೇಕು, ನಿಮ್ಮಿಂದ ಆಕ್ಷೇಪಣೆ ಕೇಳಬೇಕು, ಮೇಲಿನವರ ಮಂಜೂರಾತಿ ಪಡೆಯಬೇಕು, ಆಮೇಲೆ ಅದನ್ನು ಜಾರಿಗೆ ತರಬೇಕು.

ಇದು ಬರೀ ಕಾಗದದ ಶಾಸ್ತ್ರ ಅಂತ ನಿಮಗೆ ಅನ್ನಿಸಬಹುದು. ಹಾಗಲ್ಲ. ಸಂವಿಧಾನದ 20ನೇ ವಿಧಿಯ ಮೊದಲ ಭಾಗ ಎರಡು ಮಾತು ಹೇಳುತ್ತದೆ: ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾನೂನನ್ನು ಮುರಿದಿದ್ದರೆ ಮಾತ್ರ ಅದು ಅಪರಾಧ, ಆ ದಿನ ಕಾನೂನಿನಲ್ಲಿ ಇದ್ದದ್ದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡುವಂತಿಲ್ಲ. ಕೊಲೆ ಕೇಸಿನ ಆರೋಪಿಗೆ ಇರುವ ಈ ರಕ್ಷಣೆ ಉಗುಳಿದ ಆರೋಪ ಹೊತ್ತವನಿಗೂ ಇದೆ. ನಿನ್ನೆ ಸಾಮಾನ್ಯ ಸಭೆಯಲ್ಲಿ ಠರಾವು ಆಯಿತು, ಇವತ್ತಿನಿಂದ ಎರಡು ಸಾವಿರ ದಂಡ ಎಂದು ಮೈಕ್ ಕಟ್ಟಿಕೊಂಡು ಆಟೊದಲ್ಲಿ ಕೂಗಿಸಿದರೆ ಅದು ಕಾನೂನಾಗುವುದಿಲ್ಲ.

ಹಳ್ಳಿಗಳಿಂದ ಬಂದವರು ಇಲ್ಲಿದ್ದೀರಿ, ಅದಕ್ಕೇ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಕೆಲವು ಊರುಗಳಲ್ಲಿ ಹಿರಿಯರು ಕಟ್ಟೆಯ ಮೇಲೆ ಕೂತು, ಹೆಂಡ ಮಾರಿದರೆ ಇಷ್ಟು ಸಾವಿರ ದಂಡ ಎಂದು ತೀರ್ಮಾನಿಸುತ್ತಾರೆ. ಕುಡಿತದಿಂದ ನೊಂದ ಹೆಣ್ಣುಮಕ್ಕಳೇ ಅದರ ಹಿಂದೆ ಇರುತ್ತಾರೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಅದನ್ನು ಒಪ್ಪುವುದಿಲ್ಲ. ಇವತ್ತು ಹೆಂಡ ಮಾರಿದವನಿಗೆ ದಂಡ ಹಾಕಿದ ಕಟ್ಟೆಯೇ ನಾಳೆ ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಹುಡುಗಿಯ ಅಪ್ಪನಿಗೆ ದಂಡ ಹಾಕುತ್ತದೆ. ಕಟ್ಟೆಗೆ ಕಾಯ್ದೆಯ ಮಿತಿ ಇಲ್ಲ, ಅಲ್ಲಿಂದ ಮೇಲ್ಮನವಿ ಹೋಗುವ ಜಾಗವೂ ಇಲ್ಲ. ಅಕ್ರಮ ಮದ್ಯಕ್ಕೆ ಅಬಕಾರಿ ಕಾಯ್ದೆ ಇದೆ. ಅದನ್ನು ಜಾರಿ ಮಾಡಿಸುವ ಹೋರಾಟ ಕಷ್ಟದ್ದು, ಆದರೂ ಸರಿಯಾದ ದಾರಿ ಅದೇ.

ಈಗ ಸ್ಥಳದಲ್ಲೇ ಹಾಕುವ ದಂಡಕ್ಕೆ ಬರೋಣ. ಸ್ಪಾಟ್ ಫೈನ್ ಎಂದು ಎಲ್ಲರ ಬಾಯಲ್ಲೂ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದಕ್ಕೆ ದೇಶದಾದ್ಯಂತ ದಾರಿ ಮಾಡಿಕೊಟ್ಟವು. ಮನೆಮನೆಯಲ್ಲಿ ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಬೇರೆ ಮಾಡಿ ಕೊಡಬೇಕು, ಬೀದಿಗೆ ಎಸೆಯಬಾರದು, ಸುಡಬಾರದು; ಮುರಿದವರಿಗೆ ಸ್ಥಳದಲ್ಲೇ ದಂಡ ಹಾಕಲು ಸ್ಥಳೀಯ ಸಂಸ್ಥೆಗಳು ಬೈಲಾ ಮಾಡಿಕೊಳ್ಳಬೇಕು ಎಂದವು. ಬೆಂಗಳೂರಿನ ಪಾಲಿಕೆ 2020ರಲ್ಲಿ ತನ್ನ ಬೈಲಾ ತಂದಿತು. ಅದಕ್ಕೂ ಒಂದು ವರ್ಷ ಮೊದಲೇ ಮಾರ್ಷಲ್‌ಗಳು ಬೀದಿಗೆ ಇಳಿದಿದ್ದರು. ಅವರಲ್ಲಿ ಹೆಚ್ಚಿನವರು ಸೇನೆಯಿಂದ ನಿವೃತ್ತರಾದವರು.

ಬೀದಿಯಲ್ಲಿ ನಿಮ್ಮಿಂದ ಹಣ ಪಡೆಯುವ ಅಧಿಕಾರಿ ನ್ಯಾಯಾಧೀಶ ಅಲ್ಲ. ಬಹುಮಟ್ಟಿಗೆ ಅಲ್ಲಿ ನಡೆಯುವುದು ರಾಜಿ. ನೀವು ತಪ್ಪನ್ನು ಒಪ್ಪಿ ನಿಗದಿತ ಮೊತ್ತ ಕಟ್ಟುತ್ತೀರಿ, ಆಡಳಿತ ವಿಷಯವನ್ನು ಅಲ್ಲಿಗೇ ಮುಗಿಸುತ್ತದೆ. ನಾನು ತಪ್ಪು ಮಾಡಿಲ್ಲ, ಕಟ್ಟುವುದಿಲ್ಲ ಎಂದು ನೀವು ಹೇಳಿದರೆ ಅವರು ಮ್ಯಾಜಿಸ್ಟ್ರೇಟ್ ಮುಂದೆ ದೂರು ಸಲ್ಲಿಸಬೇಕು. ದಂಡವೊಂದೇ ಶಿಕ್ಷೆಯಾಗಿರುವ ಅಪರಾಧಕ್ಕೆ ಆರು ತಿಂಗಳ ಕಾಲಮಿತಿ ಇದೆ. ಆರು ತಿಂಗಳು ಸುಮ್ಮನಿದ್ದು ಆಮೇಲೆ ಕೇಸು ಹಾಕಲು ಹೋದರೆ ನ್ಯಾಯಾಲಯ ಸಾಮಾನ್ಯವಾಗಿ ಅದನ್ನು ಎತ್ತಿಕೊಳ್ಳುವುದಿಲ್ಲ. ಈ ಕಾರಣಕ್ಕೆ ಗಟ್ಟಿಯಾಗಿ ಮಾತಾಡುವವನು, ಯಾರದ್ದೋ ಹೆಸರು ಹೇಳುವವನು ತಪ್ಪಿಸಿಕೊಳ್ಳುತ್ತಾನೆ, ಹೆದರುವವನು ಕಟ್ಟುತ್ತಾನೆ. ಒಂದೇ ಬೀದಿಯಲ್ಲಿ, ಒಂದೇ ತಪ್ಪಿಗೆ.

ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆ, ಬಳಸುವವರು ಕಡಿಮೆ. 5,000 ರೂಪಾಯಿ ಮೀರದ ದಂಡ ಮಾತ್ರ ಇರುವ ಪುಟ್ಟ ಅಪರಾಧಗಳಿಗೆ ಮ್ಯಾಜಿಸ್ಟ್ರೇಟರು ವಿಶೇಷ ಸಮನ್ಸ್ ಕಳಿಸಬಹುದು. ತಪ್ಪು ಒಪ್ಪುವವರು ಕೋರ್ಟಿಗೆ ಅಲೆಯದೆ ಅಂಚೆಯಲ್ಲೇ ಒಪ್ಪಿಗೆ ಬರೆದು ದಂಡ ಕಳಿಸಿಬಿಡಬಹುದು. ಒಪ್ಪದವರು ಹಾಜರಾಗಿ ವಾದಿಸಬಹುದು. ಒಂದು ನಗರಸಭೆ ತಿಂಗಳಿಗೆ ಇಂಥ ಹತ್ತು ದೂರುಗಳನ್ನಾದರೂ ತಪ್ಪದೆ ಸಲ್ಲಿಸಿದರೆ ಸಾಕು, ಬೀದಿಯಲ್ಲಿ ಧ್ವನಿ ಏರಿಸಿದವನೂ ಲೆಕ್ಕಕ್ಕೆ ಬರುತ್ತಾನೆ ಎಂದು ಊರಿಗೆ ಗೊತ್ತಾಗುತ್ತದೆ.

ಹಿಂದೆ ಕೂತಿರುವ ಒಬ್ಬರು ಕೈಯೆತ್ತಿ ಕೇಳಿದರು: ಸರ್, ಐನೂರಕ್ಕೆ ಯಾರು ಹೆದರುತ್ತಾರೆ? ಹತ್ತು ಸಾವಿರ ಮಾಡಿದರೆ ತಾನೇ ಬುದ್ಧಿ ಬರುತ್ತೆ.

ಅವರ ಮಾತಿನಲ್ಲಿ ಒಂದು ನಿಜ ಇದೆ. ದಂಡ ತೀರಾ ಕಡಿಮೆ ಆದರೆ ಅದು ಬಾಡಿಗೆಯ ಹಾಗೆ ಆಗಿಬಿಡುತ್ತದೆ. ಫ್ಲೆಕ್ಸ್ ವಿಷಯ ತೆಗೆದುಕೊಳ್ಳಿ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ನಮ್ಮ ಕಾಯ್ದೆ 1981ರದ್ದು. ಆರು ತಿಂಗಳವರೆಗೆ ಸಜೆ, ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಅದರಲ್ಲಿ ಬರೆದರು. ಅವತ್ತಿಗೆ ಸಾವಿರ ರೂಪಾಯಿ ಸಣ್ಣದಲ್ಲ. ನಾಯಕರ ಹುಟ್ಟುಹಬ್ಬಕ್ಕೆ ಮೂವತ್ತು ಅಡಿಯ ಫ್ಲೆಕ್ಸ್ ಕಟ್ಟಿಸುವವರಿಗೆ ಆ ಸಾವಿರ ಇವತ್ತು ಯಾವ ಲೆಕ್ಕ? ಫ್ಲೆಕ್ಸ್ ಮುದ್ರಣದ ಖರ್ಚಿನಲ್ಲಿ ಅದೂ ಒಂದು ಬಾಬ್ತು ಅಷ್ಟೇ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆಯೇ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್‌ಗಳು ಕೆಳಗಿಳಿದದ್ದು. ಅಂದರೆ ಕಾಯ್ದೆ 37 ವರ್ಷದಿಂದ ಇತ್ತು, ಕೆಲಸ ಮಾಡಿದ್ದು ನ್ಯಾಯಮೂರ್ತಿಗಳ ಸಿಟ್ಟು. ಆ ಸಿಟ್ಟು ತಣಿದಂತೆ ಫ್ಲೆಕ್ಸ್‌ಗಳೂ ವಾಪಸು ಬಂದವು.

ಕಾಯ್ದೆಯಲ್ಲೇ ಮೊತ್ತ ಬರೆದು ನಾಲ್ಕು ದಶಕ ಮುಟ್ಟದೆ ಬಿಡುವುದು ದೊಡ್ಡ ದೋಷ. ಕೇಂದ್ರದ 2023ರ ಜನವಿಶ್ವಾಸ ಕಾಯ್ದೆಯಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಅದು ತಿದ್ದಿದ ಕಾಯ್ದೆಗಳಲ್ಲಿನ ಕನಿಷ್ಠ ದಂಡ ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ತಾನಾಗಿ ಏರುತ್ತದೆ. ಇಂಥದ್ದನ್ನು ನಮ್ಮ ಪೌರಾಡಳಿತ ಕಾಯ್ದೆಗಳಿಗೂ ತರಬಹುದು. ಸ್ವಲ್ಪ ಸ್ವಲ್ಪ ಏರಿದರೆ ಜನ ಒಗ್ಗಿಕೊಳ್ಳುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಸಿಗರೇಟ್ ಸೇದುವುದಕ್ಕೆ 2003ರ ತಂಬಾಕು ಕಾಯ್ದೆ 200 ರೂಪಾಯಿ ಇಟ್ಟಿತ್ತು. ನಮ್ಮ ರಾಜ್ಯ ತನ್ನ ತಿದ್ದುಪಡಿಯಿಂದ ಅದನ್ನು 2025ರಲ್ಲಿ ಸಾವಿರಕ್ಕೆ ಏರಿಸಿತು. ಇಪ್ಪತ್ತೆರಡು ವರ್ಷ ಹಾಗೇ ಬಿಟ್ಟು ಒಮ್ಮೆಗೇ ಐದು ಪಟ್ಟು.

ಆದರೆ ಕೇಳಿದವರಿಗೆ ನನ್ನ ಉತ್ತರ ಇಷ್ಟಕ್ಕೆ ಮುಗಿಯುವುದಿಲ್ಲ. ನೀವೇ ಯೋಚಿಸಿ. ನಿಮ್ಮ ರಸ್ತೆ ಮೂಲೆಯಲ್ಲಿ ಜನ ಕಸ ಸುರಿಯುವ ಬ್ಲ್ಯಾಕ್ ಸ್ಪಾಟ್‌ನಲ್ಲಿ ರಾತ್ರಿ ಹತ್ತಕ್ಕೆ ಸ್ಕೂಟರ್ ನಿಲ್ಲಿಸದೆಯೇ ಕವರ್ ಎಸೆದು ಹೋಗುವವನು ದಂಡ ಐನೂರೋ ಐದು ಸಾವಿರವೋ ಎಂದು ಲೆಕ್ಕ ಹಾಕುತ್ತಾನೆಯೇ? ಇಷ್ಟು ವರ್ಷ ಯಾರೂ ಹಿಡಿದಿಲ್ಲ ಎನ್ನುವುದೊಂದೇ ಅವನಿಗೆ ಗೊತ್ತು. ನೂರು ಸಲ ಎಸೆದರೆ ಹತ್ತು ಸಲ ಸಿಕ್ಕಿಬೀಳುತ್ತೇನೆ ಎನ್ನುವ ಹಾಗಿದ್ದರೆ ಇನ್ನೂರು ರೂಪಾಯಿಯೂ ಅವನನ್ನು ತಡೆಯುತ್ತದೆ. ಸಿಕ್ಕಿಬೀಳುವ ಭಯವೇ ಇಲ್ಲದಿದ್ದರೆ ಲಕ್ಷ ಬರೆದರೂ ಅದು ಬೋರ್ಡಿನ ಮೇಲಷ್ಟೇ ಇರುತ್ತದೆ. ಮೊತ್ತ ದೊಡ್ಡದಾದಷ್ಟೂ ಇನ್ನೊಂದು ಕೆಡುಕು: ಐದು ಸಾವಿರ ಬರೆಯಬಲ್ಲ ಕೈಗೆ ಐನೂರು ತುರುಕಿ ಹೋಗುವ ಆಸೆ ಎರಡೂ ಕಡೆ ಹುಟ್ಟುತ್ತದೆ.

ವಸೂಲಾಗದ ದಂಡದ ಗತಿ ಏನಾಗುತ್ತದೆ ಎನ್ನುವುದಕ್ಕೆ ಸಂಚಾರ ಪೊಲೀಸರ ಉದಾಹರಣೆ ಕೊಡುತ್ತೇನೆ. ಅದು ಸ್ಥಳೀಯ ಸಂಸ್ಥೆಯದ್ದಲ್ಲ, ಆದರೂ ಪಾಠ ಒಂದೇ. ಬಾಕಿ ದಂಡ ಬೆಟ್ಟದಷ್ಟು ಬೆಳೆದು 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟರು. ಜನ ಸರದಿ ನಿಂತು ಕಟ್ಟಿದರು, ಬೆಂಗಳೂರಿನಲ್ಲೇ ನೂರು ಕೋಟಿಗೂ ಹೆಚ್ಚು ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ಅರ್ಧ ರಿಯಾಯಿತಿ. ಖಜಾನೆಗೆ ಹಣ ಬಂತು, ಸಂತೋಷ. ಆದರೆ ಸಿಗ್ನಲ್ ಮುರಿದ ದಿನವೇ ಪೂರ್ತಿ ಕಟ್ಟಿದ ಮನುಷ್ಯನಿಗೆ ನಾವು ಏನು ಹೇಳಿದಂತಾಯಿತು? ತಡ ಮಾಡಿದವನಿಗೆ ಲಾಭ ಎಂದು. ಮುಂದಿನ ಸಲ ಅವನೂ ಕಾಯುತ್ತಾನೆ.

ಇನ್ನೊಂದು ದಾರಿಯೂ ಬಂತು. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಘನತ್ಯಾಜ್ಯ ಕಂಪನಿಯವರು ಬೀದಿಗೆ ಕಸ ಎಸೆದವರನ್ನು ಪತ್ತೆಹಚ್ಚಿ ಅವರ ಮನೆಬಾಗಿಲಿಗೇ ಕಸ ಸುರಿದರು, ಜೊತೆಗೆ ದಂಡವನ್ನೂ ಹಾಕಿದರು. ಟಿವಿಯಲ್ಲಿ ನೋಡಿ ತುಂಬ ಜನ ಚಪ್ಪಾಳೆ ತಟ್ಟಿದರು. ನಿಮ್ಮಲ್ಲಿ ಕೆಲವರಿಗೂ ಸಮಾಧಾನ ಆಗಿರಬಹುದು. ಪತ್ತೆಹಚ್ಚಿದ್ದನ್ನು ನಾನು ಮೆಚ್ಚುತ್ತೇನೆ, ಇಷ್ಟೊತ್ತು ನಾನು ಕೇಳುತ್ತಿರುವುದೂ ಅದನ್ನೇ. ಮನೆ ಹುಡುಕಿ ಹೋಗಿ ರಸೀದಿ ಬರೆದು ಬಂದಿದ್ದರೆ ಅದೇ ಪೂರ್ಣವಾದ ಕೆಲಸ. ಬಾಗಿಲಿಗೆ ಕಸ ಸುರಿಯುವ ಶಿಕ್ಷೆಯನ್ನು ಕಾನೂನು ಹೇಳಿಲ್ಲ. ಅದೇ ಮನೆಯಲ್ಲಿ ಏನೂ ಎಸೆಯದ ಒಬ್ಬ ಅಜ್ಜಿ ಇರುತ್ತಾರೆ, ಶಾಲೆಗೆ ಹೋಗುವ ಮಗು ಇರುತ್ತದೆ. ಅವಮಾನ ಅವರಿಗೂ ಆಗುತ್ತದೆ. ಆಮೇಲೆ ಆ ಕಸವನ್ನು ಮತ್ತೆ ಎತ್ತುವವರು ಯಾರು? ಅದೇ ಪೌರಕಾರ್ಮಿಕರು.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ಬೀದಿ ಬದಿ ವ್ಯಾಪಾರಿಗಳದ್ದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದೇ ಕಾಯ್ದೆ ಮಾಡಿತು. ಅದರಲ್ಲಿ ವ್ಯಾಪಾರಿ ನಿಯಮ ಮುರಿದರೆ ಹಾಕಬಹುದಾದ ದಂಡ ಹೆಚ್ಚೆಂದರೆ 2,000 ರೂಪಾಯಿ. ಜಾಗ ಖಾಲಿ ಮಾಡಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ನೋಟಿಸ್ ಅವಧಿ ಮುಗಿದರೂ ಬಿಡದಿದ್ದರೆ ದಿನಕ್ಕೆ 250 ರೂಪಾಯಿವರೆಗೆ ದಂಡ. ಸಾಮಾನು ವಶಪಡಿಸಿಕೊಂಡರೆ ಏನೇನು ತೆಗೆದುಕೊಂಡೆವು ಎಂಬ ಪಟ್ಟಿಯನ್ನು ಸಹಿ ಮಾಡಿ ವ್ಯಾಪಾರಿಗೆ ಕೊಡಬೇಕು. ವ್ಯಾಪಾರಿ ಬಂದು ಕೇಳಿದರೆ ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ, ಹಣ್ಣು ತರಕಾರಿ ಹೂವಿನಂಥ ಕೆಡುವ ಸಾಮಾನನ್ನು ಅದೇ ದಿನ ಬಿಡಬೇಕು. ಇಷ್ಟು ಸ್ಪಷ್ಟವಾಗಿ ಬರೆದ ಕಾಯ್ದೆ ಅದು.

ಬೀದಿಯಲ್ಲಿ ನಡೆಯುವುದು ಏನು? ಬೆಳಗ್ಗೆ ಐದಕ್ಕೆ ಎದ್ದು ಮಾರುಕಟ್ಟೆಯಿಂದ ಸಾಲದ ದುಡ್ಡಿನಲ್ಲಿ ಸೇವಂತಿಗೆ, ಮಲ್ಲಿಗೆ ತಂದ ಹೆಂಗಸಿನ ಬುಟ್ಟಿಯನ್ನು ಲಾರಿಗೆ ಎಸೆಯುತ್ತಾರೆ. ಪಟ್ಟಿ ಇಲ್ಲ, ಸಹಿ ಇಲ್ಲ. ತಕ್ಕಡಿ, ಛತ್ರಿ, ಬುಟ್ಟಿ ಎಲ್ಲ ಹೋಯಿತು. ಅವಳು ಕಚೇರಿಗೆ ಹೋಗಿ ಕೇಳಿದರೆ ಯಾವ ಲಾರಿ, ಯಾವ ಸಾಹೇಬರು ಎನ್ನುತ್ತಾರೆ. ಸಂಜೆಯೊಳಗೆ ಹೂವು ಬಾಡುತ್ತದೆ. ಕಾಯ್ದೆ ಎರಡು ಸಾವಿರಕ್ಕೆ ಮಿತಿ ಹಾಕಿದೆ, ಅವಳಿಗೆ ಆದ ನಷ್ಟ ಅದಕ್ಕಿಂತ ಹೆಚ್ಚು. ಲೆಕ್ಕದಲ್ಲಿ ಅವಳಿಗೆ ದಂಡವೇ ಬಿದ್ದಿಲ್ಲ, ಹಾಗಾಗಿ ಅವಳು ಮೇಲ್ಮನವಿ ಹಾಕುವುದಾದರೂ ಯಾವುದರ ವಿರುದ್ಧ? ಅದೇ ಫುಟ್‌ಪಾತ್ ಮೇಲೆ ಪಕ್ಕದ ದೊಡ್ಡ ಅಂಗಡಿಯವರು ಜನರೇಟರ್ ಇಟ್ಟಿರುತ್ತಾರೆ, ಮೆಟ್ಟಿಲು ಕಟ್ಟಿರುತ್ತಾರೆ. ಅದನ್ನು ಎತ್ತಿ ಲಾರಿಗೆ ಹಾಕಲಾಗುವುದಿಲ್ಲ, ಅದಕ್ಕೆ ಅದು ಉಳಿಯುತ್ತದೆ.

ಫುಟ್‌ಪಾತ್ ನಡೆಯುವವರದ್ದು ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಕಣ್ಣು ಕಾಣದವರು, ಗಾಲಿಕುರ್ಚಿಯವರು ರಸ್ತೆಗೆ ಇಳಿಯಬೇಕಾದ ಊರು ಒಳ್ಳೆಯ ಊರಲ್ಲ. ಆ ಕಾರಣಕ್ಕೇ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿ ಎಂದು ಮಾಡಿತು. ಅದರಲ್ಲಿ ಕಡಿಮೆಯೆಂದರೂ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಎಲ್ಲಿ ಮಾರಬಹುದು, ಎಲ್ಲಿ ಮಾರಬಾರದು ಎಂದು ಗುರುತಿಸುವ ಕೆಲಸ ಆ ಸಮಿತಿಯನ್ನು ಕೇಳಿ ಆಗಬೇಕು. ಗೆರೆ ಎಳೆಯುವಾಗ ನಾನೂ ಕೂತಿದ್ದೆ ಎನ್ನುವ ವ್ಯಾಪಾರಿ ಆ ಗೆರೆ ದಾಟಿದ ಇನ್ನೊಬ್ಬನನ್ನು ತಾನೇ ತಡೆಯುತ್ತಾನೆ. ನಿಮ್ಮ ಊರಿನಲ್ಲಿ ಆ ಸಮಿತಿ ಇದೆಯೇ, ಕಳೆದ ಸಲ ಯಾವಾಗ ಸೇರಿತು ಎಂದು ವಿಚಾರಿಸಿ.

ದಂಡವನ್ನು ಆದಾಯ ಎಂದು ನೋಡಲು ಶುರುಮಾಡಿದರೆ ಎಲ್ಲಿಗೆ ಮುಟ್ಟುತ್ತೇವೆ ಎನ್ನುವುದಕ್ಕೆ ಅಮೆರಿಕದ ಒಂದು ಊರಿನ ಕಥೆ ಹೇಳುತ್ತೇನೆ. ಮಿಸ್ಸೌರಿ ರಾಜ್ಯದ ಫರ್ಗುಸನ್. ಸುಮಾರು 21,000 ಜನಸಂಖ್ಯೆ, ನಮ್ಮ ಒಂದು ಪುರಸಭೆಯಷ್ಟು. 2014ರಲ್ಲಿ ಅಲ್ಲಿ ಪೊಲೀಸರು ಒಬ್ಬ ಕಪ್ಪು ಯುವಕನನ್ನು ಗುಂಡಿಕ್ಕಿ ಕೊಂದ ಮೇಲೆ ಊರೇ ಹೊತ್ತಿ ಉರಿಯಿತು. ಆಗ ಕೇಂದ್ರದ ನ್ಯಾಯ ಇಲಾಖೆ ತನಿಖೆ ಮಾಡಿ 2015ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಊರಿನ ಬಜೆಟ್ ತುಂಬಿಸಲು ದಂಡ ಹೆಚ್ಚಿಸಿ ಎಂದು ಆಡಳಿತವೇ ಪೊಲೀಸರ ಮೇಲೆ ಒತ್ತಡ ಹಾಕುತ್ತಿತ್ತು ಎಂದು ಆ ವರದಿ ಕಡತಗಳ ಸಮೇತ ತೋರಿಸಿತು. ಮನೆಯ ಮುಂದೆ ಹುಲ್ಲು ಎತ್ತರ ಬೆಳೆದದ್ದಕ್ಕೆ ಒಂದು ಪ್ರಕರಣದಲ್ಲಿ 531 ಡಾಲರ್ ದಂಡ. ಕಟ್ಟಲಾಗದೆ ಕೋರ್ಟಿಗೆ ಬಾರದವರಿಗೆ ವಾರಂಟು. 2014ರ ಕೊನೆಗೆ ಆ ಪುಟ್ಟ ಊರಿನ ಕೋರ್ಟಿನಿಂದ ಹೊರಟ ವಾರಂಟು ತಲೆ ಮೇಲಿದ್ದವರು 16,000ಕ್ಕೂ ಹೆಚ್ಚು ಜನ. ಹೊರೆ ಬಿದ್ದದ್ದು ಹೆಚ್ಚಾಗಿ ಕಪ್ಪು ಜನರ ಮೇಲೆ. ವರದಿ ಬಂದ 2015ರಲ್ಲೇ ಮಿಸ್ಸೌರಿ ಶಾಸನಸಭೆ ಇಂಥ ದಂಡದ ಹಣ ಊರಿನ ಆದಾಯದಲ್ಲಿ ಎಷ್ಟು ಪಾಲು ಇರಬಹುದು ಎನ್ನುವುದಕ್ಕೆ ಬಿಗಿ ಮಿತಿ ಹಾಕಿತು.

ನಮ್ಮಲ್ಲಿ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮಾರ್ಷಲ್‌ಗೆ, ಇನ್‌ಸ್ಪೆಕ್ಟರ್‌ಗೆ ದಿನಕ್ಕೆ ಇಷ್ಟು ರಸೀದಿ ಆಗಲೇಬೇಕು ಎಂದು ಗುರಿ ಕೊಟ್ಟರೆ ಫರ್ಗುಸನ್ ದಾರಿಯ ಮೊದಲ ಹೆಜ್ಜೆ ಇಟ್ಟಂತೆಯೇ. ಗುರಿ ಮುಟ್ಟಬೇಕಾದ ಮನುಷ್ಯ ರಾತ್ರಿ ಟ್ರ್ಯಾಕ್ಟರ್‌ನಲ್ಲಿ ಕಟ್ಟಡದ ಅವಶೇಷ ಸುರಿಯುವವನ ಹಿಂದೆ ಹೋಗುವುದಿಲ್ಲ. ಸುಲಭಕ್ಕೆ ಸಿಗುವವನನ್ನು ಹಿಡಿಯುತ್ತಾನೆ: ಬಸ್‌ಸ್ಟ್ಯಾಂಡಿನ ಹಿಂದೆ ಮೂತ್ರಕ್ಕೆ ನಿಂತ ಮುದುಕನನ್ನು.

ಆ ಮುದುಕನ ವಿಷಯಕ್ಕೇ ಬರುತ್ತೇನೆ. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಬೀಗ ಹಾಕಿರುವಾಗ ಅವನಿಗೆ ದಂಡ ಬರೆಯುವ ನೈತಿಕ ಹಕ್ಕು ಪುರಸಭೆಗೆ ಇಲ್ಲ. ಆಟೊ ಟಿಪ್ಪರ್ ನಾಲ್ಕು ದಿನ ಬಾರದ ಬೀದಿಯಲ್ಲಿ ಕಸದ ದಂಡ ಬರೆಯುವುದೂ ಹಾಗೇ. 2016ರ ನಿಯಮಗಳು ಜನರ ಮೇಲೆ ಹೊರಿಸಿದ ಕರ್ತವ್ಯ ಮೂರ್ನಾಲ್ಕು, ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿದ್ದು ಉದ್ದದ ಪಟ್ಟಿ: ಮನೆ ಬಾಗಿಲಿಂದ ಕಸ ಎತ್ತುವುದು, ಬೇರೆ ಮಾಡಿಕೊಟ್ಟದ್ದನ್ನು ಬೆರೆಸದೆ ಸಾಗಿಸುವುದು, ಹಸಿ ಕಸ ಗೊಬ್ಬರ ಮಾಡುವುದು. ನಾವು ಎರಡು ಬುಟ್ಟಿಯಲ್ಲಿ ಕೊಟ್ಟದ್ದನ್ನು ಕಣ್ಣೆದುರೇ ಒಂದೇ ಗಾಡಿಗೆ ಸುರಿದರೆ ಮರುದಿನದಿಂದ ಯಾರು ಬೇರೆ ಮಾಡುತ್ತಾರೆ? ಬೆಂಗಳೂರಿನಲ್ಲಿ ಕೆಲವು ಬ್ಲ್ಯಾಕ್ ಸ್ಪಾಟ್‌ಗಳನ್ನು ತೊಳೆದು ರಂಗೋಲಿ ಹಾಕಿದರು. ಹಾಗೆ ಮಾಡಿದ ಜಾಗಗಳಲ್ಲಿ ಗಾಡಿ ತಪ್ಪದೆ ಬರುವ ಕಡೆ ರಂಗೋಲಿ ಉಳಿಯುತ್ತದೆ, ಬಾರದ ಕಡೆ ಅದರ ಮೇಲೇ ಕಸ ಬೀಳುತ್ತದೆ.

ಇನ್ನೊಂದು ಕೊರತೆಯನ್ನು ಹೇಳದೆ ಇರಲಾರೆ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೆ, ಐದು ವರ್ಷ, ಅಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ದಂಡ ಹಾಕುವವರು ಇದ್ದರು, ಆ ದಂಡದ ಬಗ್ಗೆ ನಿಮ್ಮ ಪರವಾಗಿ ಸಭೆಯಲ್ಲಿ ಎದ್ದು ಕೇಳುವವರು ಇರಲಿಲ್ಲ. ಬೈಲಾದ ಕರಡಿಗೆ ಆಕ್ಷೇಪಣೆ ಬರೆಯುವ ಹಕ್ಕು ಕಾಗದದಲ್ಲಿ ಇರುತ್ತದೆ, ಆದರೆ ವಾರ್ಡಿನ ಚುನಾಯಿತ ಸದಸ್ಯನ ಮನೆಗೆ ಹೋಗಿ ಗದರಿಸಿ ಬರುವ ಶಕ್ತಿ ಅದಕ್ಕಿಲ್ಲ.

ಕೊನೆಗೆ ನಿಮ್ಮಲ್ಲಿ ಬಹಳ ಜನ ಚೀಟಿ ಕಳಿಸಿ ಕೇಳಿದ ಪ್ರಶ್ನೆ: ದಂಡ ಕೇಳಿದಾಗ ನಾವು ಏನು ಮಾಡಬೇಕು? ತಪ್ಪು ಮಾಡಿದ್ದರೆ ಕಟ್ಟಿ, ಚೌಕಾಸಿ ಬೇಡ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರಲ್ಲಿ ಯಾವ ಬೈಲಾ, ಯಾವ ತಪ್ಪು, ದಿನಾಂಕ, ಜಾಗ, ಬರೆದವರ ಹೆಸರು ಇರಲಿ. ಮಾಡಿಲ್ಲ ಎಂದಾದರೆ ಮರ್ಯಾದೆಯಿಂದ ಅಷ್ಟೇ ಹೇಳಿ, ಕೇಸು ಹಾಕಿ ಎನ್ನಿ. ಬಿಸಿಲಿನಲ್ಲಿ ನಿಂತ ಮಾರ್ಷಲ್ ಮೇಲೆ ಕೂಗಾಡಬೇಡಿ, ಆತನೂ ಸಂಬಳಕ್ಕೆ ದುಡಿಯುವ ಮನುಷ್ಯ. ಹಾಗೆಯೇ ವರ್ಷಕ್ಕೊಮ್ಮೆ ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಪುರಸಭೆಗೋ ಪಂಚಾಯಿತಿಗೋ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಯಾವ ವಾರ್ಡಿನಲ್ಲಿ ಯಾವ ತಪ್ಪಿಗೆ ಎಷ್ಟು ದಂಡ ಬಿತ್ತು, ಎಷ್ಟು ವಸೂಲಾಯಿತು, ಕೋರ್ಟಿಗೆ ಎಷ್ಟು ಹೋಯಿತು, ಹಣ ಯಾವ ಖಾತೆಗೆ ಸೇರಿ ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು. ಬಂದ ಉತ್ತರವನ್ನು ವಾರ್ಡ್ ಸಭೆಗೆ, ಗ್ರಾಮಸಭೆಗೆ ತೆಗೆದುಕೊಂಡು ಹೋಗಿ ಎಲ್ಲರೆದುರು ಓದಿ.